ಒಡೆದ ಗೋಡೆಯ ತನಿಖೆ ಕಟ್ಟಿದವರ ಕೈಯಲ್ಲಿರಬಾರದು

2005ರ ಆಗಸ್ಟ್ 29ರ ಮುಂಜಾನೆ ಕತ್ರಿನಾ ಚಂಡಮಾರುತ ಅಮೆರಿಕದ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಗಾಳಿ ಬೀಸಿತು, ಊರು ಮುಳುಗಿತು ಎಂದು ಈ ಎರಡನ್ನೂ ಜೋಡಿಸಿಕೊಂಡು ಸುಮ್ಮನಾದವರೇ ಹೆಚ್ಚು. ಆದರೆ ಚಂಡಮಾರುತದ ಕೇಂದ್ರ ನಗರದ ಮೇಲೆ ಬರಲೇ ಇಲ್ಲ, ಪೂರ್ವಕ್ಕೆ ಸರಿದು ಹೋಯಿತು. ಊರು ಮುಳುಗಿದ್ದು, ಅದನ್ನು ಕಾಯಲೆಂದೇ ಕಟ್ಟಿದ್ದ ಒಡ್ಡುಗಳೂ ಕಾಂಕ್ರೀಟ್ ತಡೆಗೋಡೆಗಳೂ ಐವತ್ತಕ್ಕೂ ಹೆಚ್ಚು ಕಡೆ ಒಡೆದದ್ದರಿಂದ.

ಲೂಸಿಯಾನಾದ ಸಾವುಗಳನ್ನು ಅಧ್ಯಯನ ಮಾಡಿದವರು ಆ ಒಂದು ರಾಜ್ಯದಲ್ಲೇ 971 ಮಂದಿಯನ್ನು ಗುರುತಿಸಿದರು. ಅವರಲ್ಲಿ ಶೇ 40ರಷ್ಟು ಜನ ನೀರಿನಲ್ಲಿ ಮುಳುಗಿ ಸತ್ತವರು. ಸುಮಾರು ಅರ್ಧದಷ್ಟು ಮಂದಿ 75 ವರ್ಷ ತುಂಬಿದ ವೃದ್ಧರು. ನೀರು ಏರಿದಂತೆ ಅಟ್ಟ ಹತ್ತಿ, ಅಲ್ಲಿಂದ ಮಾಡಿನ ಮೇಲೆ ಹೋಗಲು ದಾರಿಯಿಲ್ಲದೆ ಉಸಿರು ಬಿಟ್ಟವರೂ ಅವರಲ್ಲಿದ್ದರು. ಇಷ್ಟು ಜನ ಸತ್ತ ಮೇಲೆ ಆ ಊರಿನವರು ಒಂದು ಪ್ರಶ್ನೆ ಕೇಳಿದರು: ಗೋಡೆ ಯಾಕೆ ಒಡೆಯಿತು, ಅದನ್ನು ಹಾಗೆ ಕಟ್ಟಲು ಯಾರು ಒಪ್ಪಿಗೆ ಕೊಟ್ಟರು? ಅದಕ್ಕೆ ಸಿಕ್ಕ ಉತ್ತರಗಳ ಕಥೆ, ಪ್ರತಿ ಮಳೆಗಾಲದಲ್ಲೂ ನೆರೆ ಕಾಣುವ ನಮಗೂ ಗೊತ್ತಿರಬೇಕು.

ನ್ಯೂ ಆರ್ಲಿಯನ್ಸಿನ ನೆಲವೇ ವಿಚಿತ್ರ. ಒಂದು ಬದಿಗೆ ಮಿಸಿಸಿಪಿ ನದಿ, ಇನ್ನೊಂದು ಬದಿಗೆ ಪಾಂಚಟ್ರೇನ್ ಎಂಬ ವಿಶಾಲ ಸರೋವರ. ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಊರೊಳಗೆ ಬಿದ್ದ ಮಳೆನೀರು ತಾನಾಗಿ ಹರಿದು ಹೋಗುವುದಿಲ್ಲ. ಪಂಪು ಹಚ್ಚಿ ಕಾಲುವೆಗೆ ಎತ್ತಿ ಸರೋವರಕ್ಕೆ ಬಿಡಬೇಕು. ಚಂಡಮಾರುತ ಬಂದಾಗ ಸರೋವರವೇ ಉಬ್ಬಿ, ಅದೇ ಕಾಲುವೆಗಳ ಮೂಲಕ ನೀರು ಊರಿನ ಕಡೆಗೆ ವಾಪಸು ನುಗ್ಗುತ್ತದೆ. ಅದಕ್ಕಾಗಿ ಕಾಲುವೆಗಳ ಎರಡೂ ಬದಿಗೆ ಮಣ್ಣಿನ ಏರಿ. ಏರಿಯ ನಡುವೆ ಶೀಟ್ ಪೈಲ್ ಎನ್ನುವ ಉಕ್ಕಿನ ದಪ್ಪ ತಗಡುಗಳನ್ನು ನೆಲಕ್ಕೆ ಬಡಿದು ಇಳಿಸಿ, ಅದರ ತಲೆಯ ಮೇಲೆ ಕಾಂಕ್ರೀಟ್ ಗೋಡೆ ಕಟ್ಟುತ್ತಾರೆ. 1965ರಲ್ಲಿ ಬೆಟ್ಸಿ ಚಂಡಮಾರುತ ಊರನ್ನು ನುಗ್ಗಾಗಿಸಿದ ಮೇಲೆ ಅಮೆರಿಕದ ಸಂಸತ್ತು ಇಡೀ ರಕ್ಷಣಾ ವ್ಯವಸ್ಥೆಯ ವಿನ್ಯಾಸ ಮತ್ತು ನಿರ್ಮಾಣವನ್ನು ಸೇನೆಯ ಎಂಜಿನಿಯರಿಂಗ್ ದಳಕ್ಕೆ, ಅಂದರೆ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ಗೆ ವಹಿಸಿತು. 13 ವರ್ಷದಲ್ಲಿ ಮುಗಿಯಬೇಕೆಂದಿದ್ದ ಕೆಲಸ ನಾಲ್ಕು ದಶಕ ಕಳೆದು ಕತ್ರಿನಾ ಬಂದಾಗಲೂ ಮುಗಿದಿರಲಿಲ್ಲ.

ಅನಾಹುತವಾದ ಮೊದಲ ದಿನಗಳಲ್ಲಿ ದಳದ ವಿವರಣೆ ಸರಳವಾಗಿತ್ತು. ನಾವು ಕಟ್ಟಿದ್ದು ಇಷ್ಟು ದೊಡ್ಡ ಚಂಡಮಾರುತಕ್ಕಲ್ಲ, ನೀರು ಗೋಡೆಯನ್ನು ಮೀರಿ ಹರಿಯಿತು, ಹಾಗಾಗಿ ಒಡೆಯಿತು. ಕೆಲವು ಕಡೆ ಅದು ನಿಜವೂ ಆಗಿತ್ತು. ಆದರೆ ಊರಿನ ಹೃದಯಭಾಗವನ್ನು ಮುಳುಗಿಸಿದ 17ನೇ ಬೀದಿ ಕಾಲುವೆ ಮತ್ತು ಲಂಡನ್ ಅವೆನ್ಯೂ ಕಾಲುವೆಯಲ್ಲಿ ಹಾಗಾಗಿರಲಿಲ್ಲ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಐವರ್ ವ್ಯಾನ್ ಹೀರ್ಡನ್ ಮತ್ತು ಅವರ ಜೊತೆಗಾರರು, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೇಮಂಡ್ ಸೀಡ್ ಮತ್ತು ರಾಬರ್ಟ್ ಬೀ ನೇತೃತ್ವದ ತಂಡ ಸ್ಥಳಕ್ಕೆ ಹೋಗಿ ನೋಡಿದರು. ಗೋಡೆ ಬಿದ್ದಾಗ ನೀರು ಅದರ ತಲೆಗಿಂತ ಅಡಿಗಟ್ಟಲೆ ಕೆಳಗಿತ್ತು. ನೀರಿನ ಒತ್ತಡಕ್ಕೆ ಗೋಡೆ ಸ್ವಲ್ಪ ಹಿಂದಕ್ಕೆ ಬಾಗಿದೆ. ಗೋಡೆಗೂ ಮಣ್ಣಿಗೂ ನಡುವೆ ಬಿರುಕು ಬಿಟ್ಟಿದೆ. ಆ ಬಿರುಕಿನೊಳಗೆ ನೀರು ಇಳಿದು, ಅಡಿಯಲ್ಲಿದ್ದ ಮೆತ್ತನೆಯ ಜೇಡಿಪದರದ ಮೇಲೆ ಏರಿಯೂ ಗೋಡೆಯೂ ಒಟ್ಟಾಗಿ ಹತ್ತಾರು ಅಡಿ ಜಾರಿವೆ. ಲಂಡನ್ ಅವೆನ್ಯೂ ಕಾಲುವೆಯಲ್ಲಿ ನೆಲದಡಿಯ ಮರಳಿನ ಪದರದೊಳಗೆ ನೀರು ಜಿನುಗಿ ಬುಡವನ್ನೇ ಸಡಿಲಿಸಿತ್ತು.

ಹೀಗಾಗಿ 2005ರ ನವೆಂಬರ್ 2ರಂದು ಸೆನೆಟ್ ಸಮಿತಿಯ ಮುಂದೆ ಸೀಡ್ ಸಾಕ್ಷ್ಯ ಹೇಳುವಷ್ಟರಲ್ಲಿ ಮೊದಲ ವಿವರಣೆ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಆದರೆ ಆಗಲೇ ದಳ ತನ್ನದೇ ತನಿಖೆಯನ್ನು ಆರಂಭಿಸಿತ್ತು. ಐಪೆಟ್ ಎಂಬ ಹೆಸರಿನ ಆ ಕಾರ್ಯಪಡೆಯನ್ನು ರಚಿಸಿದ್ದು ದಳದ ಮುಖ್ಯಸ್ಥರು, ಹಣ ಕೊಟ್ಟದ್ದು ದಳ. ಆ ವರದಿಯನ್ನು ಪರಿಶೀಲಿಸಲು ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಒಂದು ಹೊರಗಿನ ಸಮಿತಿಯನ್ನು ಕೊಟ್ಟಿತು; ಅದರ ಖರ್ಚೂ ದಳದ್ದೇ. ಇದು ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ.

ಐಪೆಟ್ ತಂಡದ ಎಂಜಿನಿಯರುಗಳ ಪ್ರಾಮಾಣಿಕತೆಯನ್ನು ಇಲ್ಲಿ ಶಂಕಿಸುತ್ತಿಲ್ಲ. ಸಾವಿರಾರು ಪುಟಗಳ ಅವರ ವರದಿ ಹಲವು ವಿಷಯಗಳಲ್ಲಿ ನೇರವಾಗಿತ್ತು. ಇದು ಹೆಸರಿಗೆ ಮಾತ್ರ ವ್ಯವಸ್ಥೆ, ನಿಜದಲ್ಲಿ ಬಿಡಿಬಿಡಿ ತುಂಡುಗಳ ಜೋಡಣೆ ಎಂದು ಅದೇ ಹೇಳಿತು. ನೆಲ ಕುಸಿಯುತ್ತಿರುವುದನ್ನು ಲೆಕ್ಕಕ್ಕೆ ಹಿಡಿಯದೆ ಕೆಲವು ಗೋಡೆಗಳನ್ನು ಉದ್ದೇಶಿಸಿದ್ದಕ್ಕಿಂತ ತಗ್ಗಾಗಿ ಕಟ್ಟಿದ್ದು ಹೊರಬಿದ್ದದ್ದೂ ಅದರಿಂದಲೇ. 2006ರ ಜೂನ್ 1ರಂದು ದಳದ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಕಾರ್ಲ್ ಸ್ಟ್ರಾಕ್ ಸಾರ್ವಜನಿಕವಾಗಿ ಹೊಣೆ ಒಪ್ಪಿಕೊಂಡರು. ಇಷ್ಟೆಲ್ಲ ಆದರೂ ಆ ತನಿಖೆಗೆ ಒಂದು ಎಲ್ಲೆ ಇತ್ತು. ಮಣ್ಣು ಹೇಗೆ ಜಾರಿತು ಎಂದು ಅದು ಕೇಳಬಹುದಿತ್ತು. ಆ ಮಣ್ಣಿನ ಮೇಲೆ ಅಷ್ಟೇ ಆಳದ ಬುನಾದಿ ಸಾಕು ಎಂದು ಯಾರು, ಯಾವ ಒತ್ತಡದಲ್ಲಿ, ಯಾವ ಕಡತದಲ್ಲಿ ನಿರ್ಧರಿಸಿದರು ಎಂದು ಕೇಳುವುದು ಅದರ ಕೆಲಸವಾಗಿರಲಿಲ್ಲ.

ಆ ಜಾಗ ಖಾಲಿ ಉಳಿದದ್ದರಿಂದ ಅಲ್ಲಿಗೆ ಇನ್ನೊಂದು ಕಥೆ ಬಂದು ಕುಳಿತಿತು. ಸ್ಥಳೀಯ ಒಡ್ಡು ಮಂಡಳಿಯವರೇ ಹಣ ಉಳಿಸಲು ದುರ್ಬಲ ಗೋಡೆ ಕೇಳಿದರು, ಕಾಲುವೆಯ ಬಾಯಿಗೆ ಗೇಟು ಹಾಕಲು ಬಿಡಲಿಲ್ಲ, ಊರಿನವರೇ ಭ್ರಷ್ಟರು, ಅಂಥ ತಗ್ಗಿನಲ್ಲಿ ಮನೆ ಕಟ್ಟಿದ್ದೇ ತಪ್ಪು. ಮನೆಮಠ ಕಳೆದುಕೊಂಡವರ ಮೇಲೆಯೇ ತಪ್ಪು ಹೊರಿಸುವ ಈ ಮಾತು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓಡಾಡಿತು. ಅದನ್ನು ದಾಖಲೆ ಸಮೇತ ಅಲ್ಲಗಳೆಯಲು ಹತ್ತು ವರ್ಷ ಬೇಕಾಯಿತು. 2015ರಲ್ಲಿ ಜೆ. ಡೇವಿಡ್ ರೋಜರ್ಸ್, ರೇಮಂಡ್ ಸೀಡ್ ಮತ್ತಿತರರು ‘ವಾಟರ್ ಪಾಲಿಸಿ’ ನಿಯತಕಾಲಿಕದಲ್ಲಿ ಬರೆದ ಪ್ರಬಂಧ ಹೇಳುವುದು ಇಷ್ಟು: 1980ರ ದಶಕದಲ್ಲಿ ಖರ್ಚು ತಗ್ಗಿಸಲೆಂದು ದಳ ಒಂದು ಪ್ರಯೋಗ ನಡೆಸಿತು; ಅದರ ಫಲಿತಾಂಶವನ್ನು ತಪ್ಪಾಗಿ ಅರ್ಥಮಾಡಿಕೊಂಡಿತು; 31ರಿಂದ 46 ಅಡಿ ಆಳಕ್ಕೆ ಇಳಿಸಬೇಕಿದ್ದ ಶೀಟ್ ಪೈಲುಗಳಿಗೆ 17 ಅಡಿ ಸಾಕು ಎಂದು ತೀರ್ಮಾನಿಸಿತು. ಉಳಿದದ್ದು ಸುಮಾರು 10 ಕೋಟಿ ಡಾಲರ್. ಆಮೇಲೆ ಅದೇ ನಗರದ ಸುತ್ತ ಹೊಸ ರಕ್ಷಣಾ ವ್ಯವಸ್ಥೆ ಕಟ್ಟಲು ತಗುಲಿದ ಖರ್ಚು 1,400 ಕೋಟಿ ಡಾಲರಿಗೂ ಹೆಚ್ಚು.

ಈ ಸತ್ಯವನ್ನು ಹೊರತರಲು ಒಂದು ಸ್ವತಂತ್ರ ಆಯೋಗ ಇದ್ದಿದ್ದರೆ ಹತ್ತು ವರ್ಷ ಬೇಕಿತ್ತೇ? ಆ ಊರಿನ ಗೃಹಿಣಿ ಸ್ಯಾಂಡಿ ರೋಸೆಂತಾಲ್ ಕೇಳಿದ್ದೂ ಇದನ್ನೇ. ಎಂಜಿನಿಯರಿಂಗ್ ಓದಿದವರಲ್ಲ. 2005ರಲ್ಲೇ, ಹದಿಹರೆಯದ ಮಗನನ್ನು ಜೊತೆಗಿಟ್ಟುಕೊಂಡು ಒಂದು ಸಂಘಟನೆ ಕಟ್ಟಿದರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬದವರು ಪಟ್ಟು ಹಿಡಿದು ಸಂಸತ್ತಿನಿಂದ ಸ್ವತಂತ್ರ ಆಯೋಗ ಪಡೆದದ್ದು ಅವರ ಕಣ್ಣ ಮುಂದಿತ್ತು. ಅದೇ ಮಾದರಿಯಲ್ಲಿ ಆಗಸ್ಟ್ 29ರ ಹೆಸರಿನಲ್ಲೂ ಒಂದು ಆಯೋಗ ಬೇಕು ಎಂಬುದು ಅವರ ಬೇಡಿಕೆ. 2007ರಲ್ಲಿ ಶಾಲಾ ಹುಡುಗರು ಮಾಡಿದ ಒಂದು ಚಿಕ್ಕ ವಿಡಿಯೊ, ದಳದ ಹಣ ಪಡೆದು ದಳದ ವರದಿಯನ್ನು ಪರಿಶೀಲಿಸಿದ ಎಂಜಿನಿಯರುಗಳ ಸಂಘವನ್ನು ಅಣಕಿಸಿತು. ಸಂಘ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಅದೇ ವರ್ಷ ಸೀಡ್ ಕೂಡ ಆ ಸಂಘಕ್ಕೆ ಸುದೀರ್ಘ ಪತ್ರ ಬರೆದು, ಸ್ವತಂತ್ರ ತಂಡಗಳ ಕೆಲಸಕ್ಕೆ ಅಡ್ಡಿ ಮಾಡಲಾಯಿತು ಎಂದು ಆರೋಪಿಸಿದರು. ಸಂಸತ್ತಿನ ಮಾಜಿ ಸದಸ್ಯ ಶೆರ್ವುಡ್ ಬೋಲರ್ಟ್ ಅಧ್ಯಕ್ಷತೆಯ ಸಮಿತಿಯೊಂದು ವಿಷಯವನ್ನು ಪರಿಶೀಲಿಸಿ, ಇಂಥ ತನಿಖೆಗಳಲ್ಲಿ ಹಿತಾಸಕ್ತಿಯ ಘರ್ಷಣೆಗೆ ಎಡೆ ಇರದಂತೆ ಸಂಘ ತನ್ನ ಕ್ರಮವನ್ನು ಬದಲಿಸಿಕೊಳ್ಳಬೇಕು ಎಂದಿತು. ದೂರಿದವರ ಮಾತಿನಲ್ಲಿ ಹುರುಳಿತ್ತು ಎಂದಂತಾಯಿತು.

ಸತ್ಯ ಹೇಳಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. ವ್ಯಾನ್ ಹೀರ್ಡನ್ ಅವರನ್ನು ಕೆಲಸದಲ್ಲಿ ಮುಂದುವರಿಸುವುದಿಲ್ಲ ಎಂದು ವಿಶ್ವವಿದ್ಯಾಲಯ 2009ರಲ್ಲಿ ತಿಳಿಸಿತು. ಅವರು ಕೋರ್ಟಿಗೆ ಹೋದರು. ವರ್ಷಗಳ ನಂತರ ವಿಶ್ವವಿದ್ಯಾಲಯ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಸ್ವತಂತ್ರ ತನಿಖೆಯನ್ನು ವ್ಯಕ್ತಿಗಳ ಧೈರ್ಯಕ್ಕೆ ಬಿಟ್ಟುಬಿಡಬಾರದು, ಅದಕ್ಕೆ ಕಾನೂನಿನ ಬೆನ್ನು ಬೇಕು ಎನ್ನುವುದು ಇದಕ್ಕೇ.

ನ್ಯಾಯಾಲಯ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಅಮೆರಿಕದ 1928ರ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲಿ ಒಂದು ಕಲಮಿದೆ: ನೆರೆಯ ನೀರಿನಿಂದ ಆದ ಹಾನಿಗೆ ಕೇಂದ್ರ ಸರ್ಕಾರ ಹೊಣೆಯಲ್ಲ. 2008ರ ಜನವರಿಯಲ್ಲಿ ನ್ಯಾಯಾಧೀಶ ಸ್ಟಾನ್‌ವುಡ್ ಡುವಾಲ್ ದಳದ ವೈಫಲ್ಯವನ್ನು ಕಟುವಾಗಿ ಟೀಕಿಸಿದರು. ಆದರೆ ಆ ಕಲಮು ಇರುವುದರಿಂದ ತಮ್ಮ ಕೈ ಕಟ್ಟಿದೆ ಎಂದು ಕಾಲುವೆ ಗೋಡೆಗಳ ಮೊಕದ್ದಮೆಯನ್ನು ವಜಾ ಮಾಡಿದರು. ಹಡಗಿನ ಕಾಲುವೆಯೊಂದರ ನಿರ್ವಹಣೆಯ ವಿಷಯದಲ್ಲಿ 2009ರಲ್ಲಿ ಅವರು ಸಂತ್ರಸ್ತರ ಪರ ತೀರ್ಪು ಕೊಟ್ಟರಾದರೂ 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಪರಿಹಾರದ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಸತ್ಯ ತಿಳಿಯುವ ಹಕ್ಕೊಂದೇ. ಸಂಸತ್ತಿನ ಎರಡೂ ಸದನಗಳ ಸಮಿತಿಗಳು 2006ರಲ್ಲಿ ದಪ್ಪ ವರದಿಗಳನ್ನು ಕೊಟ್ಟವು. ಅವುಗಳ ಗಮನ ಹೆಚ್ಚಾಗಿ ರಕ್ಷಣಾ ಕಾರ್ಯ ತಡವಾದದ್ದರ ಕಡೆಗೆ. ಜನ ಕೇಳಿದ ಆಯೋಗ ರಚನೆಯಾಗಲೇ ಇಲ್ಲ.

ಅದೇ ಅಮೆರಿಕಕ್ಕೆ ಇದನ್ನು ಸರಿಯಾಗಿ ಮಾಡುವುದು ಗೊತ್ತಿಲ್ಲದೇ ಇಲ್ಲ. 1976ರ ಜೂನ್ 5ರಂದು ಐಡಹೋ ರಾಜ್ಯದ ಟೀಟನ್ ಅಣೆಕಟ್ಟು ಮೊದಲ ಬಾರಿ ನೀರು ತುಂಬುತ್ತಿರುವಾಗಲೇ ಒಡೆಯಿತು. ಕಟ್ಟಿದ ಇಲಾಖೆಯ ಹೊರಗಿನ ತಜ್ಞರ ಸ್ವತಂತ್ರ ಸಮಿತಿ ಆ ವರ್ಷ ಮುಗಿಯುವ ಮೊದಲೇ ವಿನ್ಯಾಸದ ದೋಷವನ್ನು ಬಿಡಿಸಿಟ್ಟಿತು. 2017ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟಿನ ಕೋಡಿ ಕಿತ್ತುಹೋಗಿ ಸುಮಾರು 1.88 ಲಕ್ಷ ಜನ ಊರು ಬಿಡಬೇಕಾಯಿತು. ಅಲ್ಲಿನ ಸ್ವತಂತ್ರ ತಂಡ ಕಾಂಕ್ರೀಟಿನ ಬಿರುಕಿಗೆ ನಿಲ್ಲಲಿಲ್ಲ. ದಶಕಗಳ ತಪಾಸಣೆಗಳಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ ಎಂದು ಇಲಾಖೆಯ ಒಳಗಿನ ಅಭ್ಯಾಸಗಳನ್ನೇ ತನಿಖೆ ಮಾಡಿತು. ಮಾಲೀಕ ಇಲಾಖೆ, ನಿಯಂತ್ರಕರು, ಇಡೀ ವೃತ್ತಿ ಮೂರರ ದೀರ್ಘಕಾಲದ ವೈಫಲ್ಯ ಎಂದು 2018ರ ಜನವರಿಯಲ್ಲಿ ಬರೆದಿಟ್ಟಿತು. ನನಗೆ ಕಾಣುವಂತೆ ಇದು ಅನುಸರಿಸಬೇಕಾದ ಮಾದರಿ.

ಇನ್ನು ನಮ್ಮ ಕಡೆಗೆ ಬರೋಣ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಕೋಸಿ ನದಿಯ ಒಡ್ಡು ಒಡೆದು ಬಿಹಾರದ ಜಿಲ್ಲೆಗಳು ಮುಳುಗಿದವು. ಆ ಒಡ್ಡಿನ ವಿನ್ಯಾಸ 9.5 ಲಕ್ಷ ಕ್ಯೂಸೆಕ್ ನೀರಿಗೆ. ಒಡೆದ ದಿನ ನದಿಯಲ್ಲಿದ್ದದ್ದು ಅದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ತಲೆ ಮುಟ್ಟದ ನೀರಿಗೆ ನ್ಯೂ ಆರ್ಲಿಯನ್ಸಿನ ಗೋಡೆ ಬಿದ್ದ ಹಾಗೆಯೇ ಇದೂ. ವಿಚಾರಣಾ ಆಯೋಗದ ವರದಿ ಬರುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣ ಕೊಚ್ಚಿಹೋದಾಗ ನೇಮಕವಾದ ಆಯೋಗವನ್ನು ಅದರ ಕೆಲಸ ಮುಗಿಯುವ ಮೊದಲೇ ಸರ್ಕಾರ ಬರಖಾಸ್ತು ಮಾಡಿತು. 2018ರ ಕೇರಳದ ನೆರೆಯಲ್ಲಿ ಅಣೆಕಟ್ಟುಗಳ ನಿರ್ವಹಣೆಯ ದೋಷ ಇಲ್ಲ ಎಂದು ಕೇಂದ್ರ ಜಲ ಆಯೋಗ ಹೇಳಿತು. ಕೇರಳ ಹೈಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರು ಅದನ್ನು ಒಪ್ಪದೆ, ನ್ಯಾಯಾಧೀಶರ ನೇತೃತ್ವದ ಸ್ವತಂತ್ರ ಸಮಿತಿಯಿಂದ ತನಿಖೆಯಾಗಬೇಕು ಎಂದು 2019ರಲ್ಲಿ ಶಿಫಾರಸು ಮಾಡಿದರು.

ಕರ್ನಾಟಕದಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ನದಿಗೆ ಹರಿಯುತ್ತಲೇ ಇತ್ತು. ಹರಿಯುವ ನೀರಿನಲ್ಲೇ ನಿಂತು, ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿದ ಕಾರ್ಮಿಕರ ಸಾಹಸಕ್ಕೆ ರಾಜ್ಯ ಋಣಿ. ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಎಂದರು. ಜೀವಹಾನಿ ಆಗಲಿಲ್ಲ ಎಂಬ ನೆಮ್ಮದಿಯಲ್ಲಿ ಉಳಿದ ಪ್ರಶ್ನೆಗಳು ಹಿಂದೆ ಸರಿದವು. ಎಪ್ಪತ್ತು ವರ್ಷ ಹಳೆಯ ಗೇಟಿನ ಆಯುಷ್ಯದ ಬಗ್ಗೆ ಯಾರು, ಯಾವಾಗ, ಏನು ಬರೆದಿದ್ದರು? ಬದಲಿ ಗೇಟಿನ ಪ್ರಸ್ತಾವ ಇತ್ತೇ, ಇದ್ದರೆ ಯಾವ ಮೇಜಿನ ಮೇಲೆ ನಿಂತಿತು? ಈ ಜಲಾಶಯದ ನೀರನ್ನು ನಂಬಿದ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರದ ರೈತರಿಗೆ ಇದರ ಉತ್ತರ ಒಂದೇ ಕಡೆ, ಕನ್ನಡದಲ್ಲಿ, ಓದಲು ಸಿಗಬೇಕು.

ಸ್ವತಂತ್ರ ತನಿಖೆಯಿಂದ ಕರ್ನಾಟಕಕ್ಕೆ ಲಾಭವೂ ಇದೆ. ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗಲೆಲ್ಲ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಕೂಗು ಏಳುತ್ತದೆ. 2019ರ ನೆರೆಯ ನಂತರ ಮಹಾರಾಷ್ಟ್ರವೇ ನೇಮಿಸಿದ ವಡ್ನೆರೆ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಆದರೂ ಜಗಳ ನಿಂತಿಲ್ಲ, ಏಕೆಂದರೆ ಎರಡೂ ರಾಜ್ಯಗಳು ನಂಬುವ ಮೂರನೆಯ ಸಂಸ್ಥೆ ಇಲ್ಲ. ತೆಲಂಗಾಣದಲ್ಲಿ 2023ರ ಅಕ್ಟೋಬರಿನಲ್ಲಿ ಮೇಡಿಗಡ್ಡ ಬ್ಯಾರೇಜಿನ ಕಂಬಗಳು ಕುಸಿದಾಗ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರ ದೋಷಗಳನ್ನು ಎತ್ತಿ ತೋರಿಸಿತು. ಸರ್ಕಾರ ಬದಲಾದ ಮೇಲೆ ನ್ಯಾಯಾಂಗ ಆಯೋಗವೂ ಬಂತು. ಹಿಂದಿನವರು ಮಾಡಿದ್ದನ್ನು ಮುಂದಿನವರು ತನಿಖೆ ಮಾಡಿದರೆ ವರದಿ ಎಷ್ಟೇ ಸರಿಯಿದ್ದರೂ ಅರ್ಧ ಜನ ನಂಬುವುದಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಒಳ್ಳೆಯ ಹೆಜ್ಜೆಯೇ. 2016ರ ಮಾರ್ಚ್ ವೇಳೆಗೆ ದೇಶದ 4,862 ದೊಡ್ಡ ಅಣೆಕಟ್ಟುಗಳ ಪೈಕಿ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಿದ್ದದ್ದು 349ಕ್ಕೆ ಮಾತ್ರ ಎಂದು ಸಿಎಜಿ ವರದಿ ಹೇಳಿತ್ತು. ಅಂಥ ಸ್ಥಿತಿಯಲ್ಲಿ ಕಾಯ್ದೆ ಬಂದದ್ದೇ ದೊಡ್ಡದು. ಆದರೆ ಅದರಡಿಯ ಪ್ರಾಧಿಕಾರ ಜಲಶಕ್ತಿ ಸಚಿವಾಲಯದ ಕೈಕೆಳಗಿದೆ. ಅಣೆಕಟ್ಟಿನ ಹೊರಗೆ ಉಳಿಯುವ ನದಿ ಒಡ್ಡು, ನಗರದ ರಾಜಕಾಲುವೆ ಅದರ ವ್ಯಾಪ್ತಿಗೇ ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಮುಳುಗಿದ್ದು ಯಾವ ಅಣೆಕಟ್ಟೂ ಒಡೆದು ಅಲ್ಲ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ನಮ್ಮ ದೇಶದಲ್ಲಿ ರೈಲು ಹಳಿ ತಪ್ಪಿ ಜನ ಸತ್ತರೆ ಶಾಸನಬದ್ಧ ವಿಚಾರಣೆ ನಡೆಸುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನದಲ್ಲಿಲ್ಲ. ರೈಲು ಓಡಿಸುವವರೇ ಅಪಘಾತದ ವಿಚಾರಣೆ ನಡೆಸಬಾರದು ಎಂದು 1941ರಲ್ಲೇ ಆ ತಪಾಸಣಾ ವಿಭಾಗವನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿದರು. ಇಂದು ಅದು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದೆ. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ರೈಲಿಗೆ ಒಪ್ಪಿದ ತರ್ಕ ನೀರಿಗೇಕೆ ಒಪ್ಪಬಾರದು?

ಇಲಾಖೆಯ ಎಂಜಿನಿಯರುಗಳಿಗಿಂತ ಹೊರಗಿನವರಿಗೆ ಹೆಚ್ಚು ಗೊತ್ತೇ ಎಂಬ ಆಕ್ಷೇಪ ಬರುತ್ತದೆ. ಇಲ್ಲ, ಗೊತ್ತಿರುವುದಿಲ್ಲ. ಅವರ ಅನುಭವ, ಅವರ ಅಂಕಿಅಂಶ ತನಿಖೆಗೆ ಬೇಕೇ ಬೇಕು. ಅವರು ಸಾಕ್ಷಿಗಳಾಗಿ ಬರಲಿ, ತೀರ್ಪುಗಾರರಾಗಿ ಬೇಡ. ಎಚ್ಚರಿಸಿ ಕಡತ ಬರೆದಿದ್ದ ಕಿರಿಯ ಎಂಜಿನಿಯರಿಗೆ ರಕ್ಷಣೆ ಸಿಗುವುದೂ ಇಂಥ ಸಂಸ್ಥೆ ಇದ್ದಾಗಲೇ.

ಬೇಕಾದದ್ದು ಇಷ್ಟು: ಜಲಸಂಪನ್ಮೂಲ ಇಲಾಖೆಯಿಂದಲೂ ನಗರಪಾಲಿಕೆಗಳಿಂದಲೂ ಹೊರಗಿರುವ, ತನ್ನದೇ ಅನುದಾನವುಳ್ಳ, ಕಾಯಂ ತನಿಖಾ ಸಂಸ್ಥೆ. ಒಡ್ಡು, ಗೇಟು, ರಾಜಕಾಲುವೆ ಯಾವುದೇ ಕೈಕೊಟ್ಟರೂ ದುರಸ್ತಿಯ ಜೆಸಿಬಿ ಇಳಿಯುವ ಮೊದಲು ಸ್ಥಳವನ್ನು ದಾಖಲಿಸುವ ಹಕ್ಕು ಅದಕ್ಕಿರಲಿ. ಕಡತ ತರಿಸಿಕೊಳ್ಳುವ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ಅಧಿಕಾರ ಇರಲಿ. ನೆರೆ ಸಂತ್ರಸ್ತರ ಮಾತು ಕೇಳುವುದು ಕಡ್ಡಾಯವಾಗಲಿ. ನೀರು ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಬಂತು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ವರದಿ ಸಲ್ಲಿಕೆಯಾದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರ ಸಮೇತ ಅದನ್ನು ಸದನದಲ್ಲಿ ಮಂಡಿಸಬೇಕೆಂಬ ನಿಯಮವಿದೆ. ಇಲ್ಲೂ ಅಂಥ ಗಡುವು ಇರಲಿ, ವರದಿ ಅದೇ ದಿನ ಜನರ ಕೈಗೂ ಸಿಗಲಿ.

ಮುಂದಿನ ಮುಂಗಾರು ಅಧಿವೇಶನದಲ್ಲಿ ಇಂಥ ಮಸೂದೆ ತನ್ನಿ ಎಂದು ಕೃಷ್ಣಾ, ತುಂಗಭದ್ರಾ, ಕಾವೇರಿ ಕೊಳ್ಳದ ಶಾಸಕರನ್ನು ಅವರ ಮತದಾರರು ಕೇಳಬೇಕು. ಪರಿಹಾರದ ಚೆಕ್ಕು ಹಿಡಿದು ಅವರು ಗಂಜಿ ಕೇಂದ್ರಕ್ಕೆ ಬಂದಾಗ ಅಲ್ಲ, ಈಗಲೇ ಕೇಳಿ.